ಮಠದ ಗದ್ದುಗೆ, ಗರಡಿಯ ಮಣ್ಣು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನನ್ನ ನೌಕರಿಯೆಲ್ಲ ಈ ಐದು ತಾಲ್ಲೂಕುಗಳ ಶಾಲಾ ಮೈದಾನಗಳಲ್ಲೇ ಕಳೆಯಿತು. ನಾನು ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪೀಟಿ ಮೇಷ್ಟ್ರು. ಕಬಡ್ಡಿ, ಖೊಖೊ ಆಡಿಸುವುದರ ಜೊತೆಗೆ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಾಲ್ಕು ಆಸನ ಹಾಕಿಸುವುದು ನನ್ನ ಪಾಠದ ಭಾಗವಾಗಿತ್ತು. ನಿವೃತ್ತನಾದ ಮೇಲೂ ಜೂನ್ 21 ಬಂತೆಂದರೆ ಯಾವುದಾದರೂ ಊರಿನವರು ಭಾಷಣಕ್ಕೆ ಕರೆಯುತ್ತಾರೆ. ವೇದಿಕೆಯ ಮೇಲೆ ಎಲ್ಲರದೂ ಒಂದೇ ಮಾತು: ಯೋಗ ಐದು ಸಾವಿರ ವರ್ಷ ಹಳೆಯದು, ಋಷಿಮುನಿಗಳು ಕೊಟ್ಟದ್ದು. ಅಷ್ಟು ಹೇಳಿದರೆ ಚರಿತ್ರೆ ಮುಗಿಯಿತು. ಅಷ್ಟು ಕಾಲದಲ್ಲಿ ನಮ್ಮ ಬಾಗಳಿ ಎಲ್ಲಿತ್ತು, ನಮ್ಮ ಕೊಟ್ಟೂರು ಏನು ಮಾಡುತ್ತಿತ್ತು, ಹರಪನಹಳ್ಳಿಯ ಗರಡಿಯಲ್ಲಿ ಬೆವರು ಹರಿಸಿದವರ ಲೆಕ್ಕ ಯಾರ ಖಾತೆಗೆ ಎಂದು ಯಾರೂ ಕೇಳುವುದಿಲ್ಲ.

ನಾನು ಕೇಳಿಕೊಂಡು ಬಂದಿದ್ದೇನೆ. ಓದಿದ್ದು, ಗುಡಿಗಳ ಕಲ್ಲಿನ ಮೇಲೆ ಕಂಡದ್ದು, ಹಿರಿಯರ ಬಾಯಿಂದ ಕೇಳಿದ್ದು ಎಲ್ಲ ಸೇರಿ ನನಗೆ ಒಂದು ಮಾತು ಖಾತ್ರಿಯಾಗಿದೆ. ಇವತ್ತು ಚಾಪೆ ಹಾಸಿ ನಾವು ಮಾಡುವ ಆಸನಗಳಿಗೆ ಎರಡು ತವರುಮನೆ. ಒಂದು ಮಠ, ಇನ್ನೊಂದು ಗರಡಿ. ಮನಸ್ಸಿಗೆ ಸಿಗುವ ಸಮಾಧಾನ ಮಠದ ಕಡೆಯಿಂದ ಬಂದದ್ದು, ಮೈಗೆ ಸಿಗುವ ಕಸುವು ಗರಡಿಯ ಕಡೆಯಿಂದ. ಎರಡೂ ನಮ್ಮ ಹಳ್ಳಿಗಳಲ್ಲಿ ಅಕ್ಕಪಕ್ಕದ ಬೀದಿಯಲ್ಲೇ ಇದ್ದವು.

ಮೊದಲು ಮಠದ ದಾರಿ ಹಿಡಿಯೋಣ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿ ಹತ್ತನೇ ಶತಮಾನದ್ದು. ರಾಷ್ಟ್ರಕೂಟರ ಕಾಲದಲ್ಲಿ ಶುರುವಾಗಿ ಕಲ್ಯಾಣ ಚಾಲುಕ್ಯರ ತೈಲಪನ ಕಾಲಕ್ಕೆ ಬೆಳೆದದ್ದು. ಆ ಊರೊಂದರಲ್ಲೇ 30ಕ್ಕೂ ಹೆಚ್ಚು ಹಳಗನ್ನಡ ಶಾಸನಗಳಿವೆ. ಹಡಗಲಿ, ಹಿರೇಹಡಗಲಿ, ಮಾಗಳ, ಕುರುವತ್ತಿ ಹೀಗೆ ತುಂಗಭದ್ರೆಯ ದಂಡೆಗುಂಟ ಚಾಲುಕ್ಯರ ಗುಡಿಗಳು ಸಾಲುಗಟ್ಟಿವೆ. ಆ ಕಾಲದಲ್ಲಿ ಈ ಸೀಮೆಯ ಅನೇಕ ಶಿವಾಲಯಗಳನ್ನೂ ಅವುಗಳ ಮಠಗಳನ್ನೂ ನೋಡಿಕೊಳ್ಳುತ್ತಿದ್ದವರು ಕಾಳಾಮುಖ ಶೈವಾಚಾರ್ಯರು. ಅರಸನೋ ದಂಡನಾಯಕನೋ ಇಂಥ ಆಚಾರ್ಯರ ಕಾಲು ತೊಳೆದು ಭೂಮಿ ದಾನ ಕೊಟ್ಟಾಗ ಶಾಸನದಲ್ಲಿ ಅವರ ಗುಣಗಳನ್ನು ಬರೆಸುವ ಒಂದು ರೂಢಿಯ ಸಾಲಿತ್ತು. ಯಮ, ನಿಯಮ, ಸ್ವಾಧ್ಯಾಯ, ಧ್ಯಾನ, ಧಾರಣ, ಮೌನ, ಅನುಷ್ಠಾನ, ಜಪ, ಸಮಾಧಿ ಇವುಗಳಲ್ಲಿ ಶೀಲವುಳ್ಳವರು ಎಂದು ಆ ಸಾಲು ಹೊಗಳುತ್ತದೆ. ಕರ್ನಾಟಕದ ಎಷ್ಟೋ ಶಾಸನಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಯೋಗದ ಅಂಗಗಳೇ ಇವೆಲ್ಲ. ಆದರೆ ಈ ರೂಢಿಯ ಪಟ್ಟಿಯಲ್ಲಿ ಆಸನ ಎಂಬ ಹೆಸರಿಲ್ಲ. ಕೈಕಾಲು ಎಷ್ಟು ಬಾಗುತ್ತವೆ ಎಂಬುದರ ಮೇಲೆ ಒಬ್ಬ ಆಚಾರ್ಯನ ದೊಡ್ಡತನವನ್ನು ಆ ಕಾಲದವರು ಅಳೆಯುತ್ತಿರಲಿಲ್ಲ. ಅವನ ಶೀಲ, ಮೌನ, ಏಕಾಗ್ರತೆ ನೋಡಿ ಅಳೆಯುತ್ತಿದ್ದರು.

ಹಾಗೆಂದು ಮಠದವರು ಶರೀರವನ್ನು ಕಡೆಗಣಿಸಿದ್ದರು ಎನ್ನುವಂತಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕಾಳಾಮುಖರ ಕೋಡಿಯಮಠ ಇತ್ತು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ವಿವರವಾಗಿ ಹೇಳುತ್ತದೆ. ಅಲ್ಲಿ ಲಾಕುಲ ಸಿದ್ಧಾಂತದ ಜೊತೆ ಪತಂಜಲಿಯ ಯೋಗಶಾಸ್ತ್ರದ ಪಾಠವಿತ್ತು, ದಿಕ್ಕಿಲ್ಲದವರಿಗೆ ಅನ್ನವಿತ್ತು, ಕಾಯಿಲೆ ಬಿದ್ದವರಿಗೆ ಔಷಧೋಪಚಾರವಿತ್ತು. ಯೋಗದ ಓದು, ಹಸಿದವನ ಊಟ, ರೋಗಿಯ ಆರೈಕೆ ಒಂದೇ ಸೂರಿನಡಿ ಇದ್ದವು. ಯೋಗದಿಂದ ಆರೋಗ್ಯ ಎಂಬ ಮಾತು ಹೊಸದು ಎಂದುಕೊಂಡವರು ಈ ಶಾಸನವನ್ನೊಮ್ಮೆ ನೋಡಬೇಕು.

ಆಸನ ಎಂದರೆ ಹಳೆಯ ಗ್ರಂಥಗಳಲ್ಲಿ ಹೆಚ್ಚಾಗಿ ಕೂತುಕೊಳ್ಳುವ ಬಗೆಯೇ. ಸ್ಥಿರವಾಗಿ, ಸುಖವಾಗಿ ಕೂತರೆ ಸಾಕು ಎಂದು ಪತಂಜಲಿ ಒಂದು ಸಣ್ಣ ಸೂತ್ರದಲ್ಲಿ ಮುಗಿಸಿಬಿಡುತ್ತಾನೆ. ಹದಿನೈದನೇ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ ಸ್ವಾತ್ಮಾರಾಮ ವಿವರಿಸುವ ಆಸನಗಳು 15. ಪದ್ಮ, ಸಿದ್ಧ, ಸಿಂಹ, ಭದ್ರ, ಗೋಮುಖ, ಮತ್ಸ್ಯೇಂದ್ರ, ಪಶ್ಚಿಮತಾನ, ಧನುಸ್ಸು, ಮಯೂರ, ಶವ ಇತ್ಯಾದಿ. ಕೂತು ಮಾಡುವವು, ಮಲಗಿ ಮಾಡುವವು, ಕೈ ಊರಿ ಮೈ ಎತ್ತುವವು ಇವೆ. ನಿಂತು ಮಾಡುವ ಆಸನ ಒಂದೂ ಇಲ್ಲ. ಶಾಲೆಯಲ್ಲಿ ನಾನು ಮಕ್ಕಳಿಗೆ ಮೊದಲು ಹೇಳಿಕೊಡುತ್ತಿದ್ದ ತ್ರಿಕೋನಾಸನವಾಗಲಿ, ವೀರಭದ್ರಾಸನವಾಗಲಿ, ಸೂರ್ಯನಮಸ್ಕಾರವಾಗಲಿ ಅದರಲ್ಲಿ ಕಾಣುವುದಿಲ್ಲ. ಕಾಲೂರಿ ನಿಲ್ಲುವ ಈ ಆಸನಗಳ ಬೇರನ್ನು ಬೇರೆ ಕಡೆಯೂ ಹುಡುಕಬೇಕು.

ಅದೇ ಹಠಯೋಗಪ್ರದೀಪಿಕೆ ಆರಂಭದಲ್ಲಿ ಕಾಲವನ್ನು ಗೆದ್ದ ಮಹಾಸಿದ್ಧರ ಹೆಸರು ಹೇಳುತ್ತದೆ. ಆ ಪಟ್ಟಿಯಲ್ಲಿ ನಮ್ಮ ಅಲ್ಲಮಪ್ರಭುದೇವರ ಹೆಸರೂ ಇದೆ. ಕನ್ನಡದವರಿಗೆ ಹೆಮ್ಮೆಯ ಸಂಗತಿ ಇದು. ಆದರೆ ಅಲ್ಲಮನ ನಿಲುವು ಬೇರೆಯೇ ಇತ್ತು. ಶೂನ್ಯಸಂಪಾದನೆಯಲ್ಲಿ ಅವನೂ ಗೋರಕ್ಷನೂ ಮುಖಾಮುಖಿಯಾಗುವ ಪ್ರಸಂಗ ನಮ್ಮ ಭಾಗದ ಪುರಾಣ ಪ್ರವಚನ ಕೇಳಿದವರಿಗೆಲ್ಲ ಗೊತ್ತು. ಗೋರಕ್ಷ ಸಾಧನೆಯಿಂದ ವಜ್ರದಂಥ ದೇಹ ಪಡೆದವನು. ಕತ್ತಿಯಿಂದ ಹೊಡೆದರೆ ಖಣಿಲೆಂದು ಸದ್ದಾಗುತ್ತದೆ, ಮೈಗೆ ಗಾಯವಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಬಯಲಲ್ಲಿ ಆಡಿದ ಹಾಗೆ ಹಾದುಹೋಗುತ್ತದೆ, ಎಲ್ಲೂ ತಾಗುವುದಿಲ್ಲ. ಗಟ್ಟಿ ಮೈ ಸಾಧನೆಯ ಅರ್ಧ ದಾರಿ. ಆ ಮೈಯ ಅಹಂಕಾರವೂ ಕರಗಿದರೆ ದಾರಿ ಪೂರ್ತಿ. ಆಸನ ಕಲಿಸುವ ಪ್ರತಿಯೊಬ್ಬನೂ ಈ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂಬುದು ನನ್ನ ಆಸೆ. ಕಾಲನ್ನು ಕತ್ತಿನ ಮೇಲೆ ಹಾಕಿ ಫೋಟೊ ತೆಗೆಸಿಕೊಳ್ಳುವುದೇ ಯೋಗ ಎಂದು ನಮ್ಮ ಹುಡುಗರು ತಿಳಿಯಬಾರದು.

ಅಲ್ಲಮನ ಈ ತಿಳಿವಳಿಕೆ ನಮ್ಮ ತಾಲ್ಲೂಕುಗಳಲ್ಲಿ ಶಿವಯೋಗವಾಗಿ ಮನೆಮನೆಗೆ ಇಳಿಯಿತು. ಕೊಟ್ಟೂರಿನ ಗುರುಬಸವೇಶ್ವರರು, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು, ಹರಪನಹಳ್ಳಿ ತಾಲ್ಲೂಕಿನ ಕೂಲಹಳ್ಳಿಯ ಮದ್ದಾನೇಶ್ವರರು, ಅರಸೀಕೆರೆಯ ಕೋಲಶಾಂತೇಶ್ವರರು ಜನ ನಂಬಿರುವ ಪಂಚಗಣಾಧೀಶರ ಬಳಗದವರು. ಉಜ್ಜಿನಿಯ ಮರುಳಸಿದ್ಧೇಶ್ವರ ಪೀಠವೂ ಇಲ್ಲೇ ಇದೆ. ಆದರೆ ಶಿವಯೋಗ ನನಗೆ ಮೊದಲು ಪರಿಚಯವಾದದ್ದು ಮಠದಲ್ಲಲ್ಲ, ನಮ್ಮಜ್ಜಿಯ ಹತ್ತಿರ. ಆಕೆ ಓದು ಬರಹ ಕಲಿತವಳಲ್ಲ. ಬೆಳಗ್ಗೆ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಕಂಬಳಿ ಗದ್ದುಗೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದಳು. ಎಡಗೈ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಅಂಗೈಯಲ್ಲಿ ಇಷ್ಟಲಿಂಗ. ಬೆನ್ನು ನೆಟ್ಟಗೆ, ಹೆಗಲು ಸಡಿಲು, ಕಣ್ಣು ಅರೆ ತೆರೆದು ಲಿಂಗದ ಮೇಲೇ ನೆಟ್ಟಿರುತ್ತಿದ್ದವು. ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ಉಸಿರು ಬರಬರುತ್ತ ನಿಧಾನವಾಗುತ್ತಿತ್ತು. ದಿನವಿಡೀ ಶೇಂಗಾ ಹೊಲದಲ್ಲಿ ಬಾಗಿ ಕಳೆ ತೆಗೆದ ಆ ಬೆನ್ನು ಲಿಂಗಪೂಜೆಯ ಹೊತ್ತಿಗೆ ಅಷ್ಟು ನೆಟ್ಟಗೆ ಹೇಗೆ ನಿಲ್ಲುತ್ತದೆ ಎಂದು ನಾನು ಬೆರಗಾಗುತ್ತಿದ್ದೆ. ಮುಂದೆ ತರಬೇತಿ ಕಾಲೇಜಿನಲ್ಲಿ ಸುಖಾಸನ, ತ್ರಾಟಕ, ಪ್ರಾಣಾಯಾಮ, ಧಾರಣೆ ಎಂದು ಬೇರೆ ಬೇರೆಯಾಗಿ ಕಲಿತಾಗ, ಇವೆಲ್ಲವನ್ನೂ ಆಕೆ ಹೆಸರು ಗೊತ್ತಿಲ್ಲದೆ ಒಟ್ಟಿಗೆ ಮಾಡುತ್ತಿದ್ದಳು ಎಂಬುದು ಅರ್ಥವಾಯಿತು. ಶರಣರು ಹಾಕಿಕೊಟ್ಟ ಈ ದಾರಿಗೆ ಹೆಣ್ಣು ಗಂಡು ಎಂಬ ಭೇದ ಇರಲಿಲ್ಲ. ಗುಹೆ ಕಾಡು ಬೇಕಿರಲಿಲ್ಲ.

ಇನ್ನು ಗರಡಿ. ಬಾಗಳಿ, ಹಡಗಲಿಗಳನ್ನು ಆಳಿದ ಅದೇ ಕಲ್ಯಾಣ ಚಾಲುಕ್ಯ ವಂಶದ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸ. ಅದರಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಜಟ್ಟಿಗಳು ಏನು ತಿನ್ನಬೇಕು, ಹೇಗೆ ಪಳಗಬೇಕು ಎಂಬುದೆಲ್ಲ ಅಲ್ಲಿದೆ. ಭಾರ ಎತ್ತುವ ಶ್ರಮ, ನಡಿಗೆಯ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬ ಹತ್ತಿ ಮಾಡುವ ಶ್ರಮ ಎಂದು ವ್ಯಾಯಾಮಗಳನ್ನು ವಿಂಗಡಿಸಿದ್ದಾರೆ. ಈಗಿನ ಮಲ್ಲಕಂಬದ ಅಜ್ಜನ ಗುರುತು ಆ ಸ್ತಂಭಶ್ರಮದಲ್ಲಿ ಸಿಗುತ್ತದೆ. ಕುರುವತ್ತಿಯ ಗುಡಿಯಲ್ಲಿ ಶಿಲ್ಪಿ ಮದನಿಕೆಯರ ಮೈಯ ಬಳುಕನ್ನು ಕಲ್ಲಿನಲ್ಲಿ ಹಿಡಿದ ಕಾಲವೂ ಸುಮಾರು ಅದೇ. ಶರೀರ ಎಷ್ಟು ಬಾಗಬಲ್ಲದು, ಎಷ್ಟು ಹೊರಬಲ್ಲದು ಎಂಬುದನ್ನು ಆ ಕಾಲದವರು ಕಣ್ಣಿಟ್ಟು ನೋಡಿದ್ದರು.

ವಿಜಯನಗರ ಬಿದ್ದ ಮೇಲೆ ಹರಪನಹಳ್ಳಿ, ಜರ್ಮಲಿ, ಗುಡೇಕೋಟೆಗಳಲ್ಲಿ ಪಾಳೆಯಗಾರರು ತಲೆ ಎತ್ತಿದರು. ಕೋಟೆ ಇದ್ದಲ್ಲಿ ಕಾಲಾಳು ಬೇಕು, ಕಾಲಾಳು ಇದ್ದಲ್ಲಿ ಸಾಮು ತೆಗೆಯುವ ಜಾಗ ಬೇಕು. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಪಾಳೆಯಗಾರರ ಅಧಿಕಾರ ಮುರಿದ. ಅವರ ದಂಡು ಚದುರಿತು. ಕತ್ತಿ ಹಿಡಿಯುವ ಕೆಲಸ ಹೋಯಿತು, ಕಸರತ್ತು ಮಾತ್ರ ಉಳಿಯಿತು. ಯುದ್ಧಕ್ಕೆ ಬೇಡವಾದ ಗರಡಿ ಊರಿನ ಜಾತ್ರೆಗೆ, ಜಂಗಿ ಕುಸ್ತಿಗೆ, ಹುಡುಗರ ಶಿಸ್ತಿಗೆ ನೆಲೆಯಾಯಿತು ಎಂದು ನಾನು ತಿಳಿದುಕೊಂಡಿದ್ದೇನೆ.

ನಾನು ಚಿಕ್ಕವನಿದ್ದಾಗ ಹೋಗುತ್ತಿದ್ದ ಗರಡಿಗೆ ಕಿಟಕಿ ಇರಲಿಲ್ಲ. ಬಾಗಿಲು ಸೊಂಟದೆತ್ತರದ್ದು, ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಮೂಲೆಯಲ್ಲಿ ಹನುಮಪ್ಪ. ಗೋಡೆಗೆ ಒರಗಿಸಿದ ಕರೆಲ, ಗದೆ, ಹಿಡಿಕೆ ಕೊರೆದ ಕಲ್ಲುಗುಂಡು. ನಡುವೆ ಕೆಮ್ಮಣ್ಣಿನ ಕಣ. ಆ ಮಣ್ಣನ್ನು ಸಿದ್ಧ ಮಾಡುವುದೇ ಒಂದು ಕೆಲಸ. ಹುತ್ತದ ಮಣ್ಣು ತಂದು ಕುಟ್ಟಿ, ಜರಡಿ ಹಿಡಿದು, ಕಲ್ಲು ಮುಳ್ಳು ಆರಿಸಿ, ಮಜ್ಜಿಗೆ, ಒಳ್ಳೆಣ್ಣೆ, ಅರಿಶಿನ, ನಿಂಬೆರಸ ಹಾಕಿ ತುಳಿದು ಹದ ಮಾಡುತ್ತಿದ್ದರು. ಗಾಯವಾದರೆ ಕೀವಾಗಬಾರದು, ಬಿದ್ದರೆ ಪೆಟ್ಟಾಗಬಾರದು. ಉಸ್ತಾದರು ಸಾಬರು, ಹನುಮಪ್ಪನಿಗೆ ಊದುಬತ್ತಿ ಹಚ್ಚದೆ ಅವರು ಕಣಕ್ಕೆ ಕಾಲಿಡುತ್ತಿರಲಿಲ್ಲ. ದಂಡ ಹೊಡೆಸುವಾಗ ಅವರದು ಒಂದೇ ವರಾತ: “ಉಸುರು ಬಿಟ್ಟು ಇಳಿಯಲೇ ತಮ್ಮಾ, ಉಸುರು ತಗಂಡು ಏಳು. ಉಸುರು ಕಟ್ಟಿ ಹೊಡದ್ರೆ ದನದ ದುಡಿಮಿ ಆಕ್ಕಾತಿ, ಸಾಮು ಆಗಲ್ಲ.” ಸೂರ್ಯನಮಸ್ಕಾರದ ನಡುವೆ ಬರುವ ದಂಡದ ಭಂಗಿ, ಎದೆ ನೆಲಕ್ಕೆ ತಾಗಿಸಿ ಹಾವಿನಂತೆ ಮೇಲೇಳುವ ಭಂಗಿ ನಾನು ಮೊದಲು ಕಲಿತದ್ದು ಅಲ್ಲಿ. ಬಸ್ಕಿಯಲ್ಲಿ ಉತ್ಕಟಾಸನವಿತ್ತು. ಕುಸ್ತಿಗೆ ಮುಂಚೆ ಕತ್ತು, ಭುಜ, ಕೀಲು ಸಡಿಲ ಮಾಡುವ ಪಟ್ಟುಗಳಲ್ಲಿ ಈಗಿನ ಯೋಗ ತರಗತಿಯ ಅರ್ಧ ಪಾಠವಿತ್ತು.

ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಮನೆಮಾರು ಬಿಟ್ಟು ಬಂದು ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಹೊಸದಾಗಿ ಊರು ಕಟ್ಟಿಕೊಂಡವರ ನಡುವೆಯೂ ನಾನು ಕೆಲಸ ಮಾಡಿದ್ದೇನೆ. ಹಳೆಯ ಊರಿನ ಗರಡಿಯ ಕರೆಲಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದೆವು ಎಂದು ಅಲ್ಲಿಯ ಹಿರಿಯರೊಬ್ಬರು ನನಗೆ ತೋರಿಸಿದ್ದರು. ಮುಳುಗುವ ಊರಿನಿಂದ ಏನು ಉಳಿಸಿಕೊಳ್ಳಬೇಕು ಎಂದು ಯೋಚಿಸುವ ಹೊತ್ತಿನಲ್ಲಿ ಕಸರತ್ತಿನ ಸಾಮಾನನ್ನೂ ಬಂಡಿಗೆ ಏರಿಸಿದ್ದರೆಂದರೆ ಅದರ ಬೆಲೆ ಎಷ್ಟು ಎಂಬುದು ಗೊತ್ತಾಗುತ್ತದೆ.

ಮಠ ಮತ್ತು ಗರಡಿ ಹತ್ತಿರ ಹತ್ತಿರ ಬಂದದ್ದಕ್ಕೆ ನಮ್ಮ ಪಕ್ಕದಲ್ಲೇ ಕಲ್ಲಿನ ಸಾಕ್ಷಿ ಇದೆ. ಹಂಪಿಯ ಗುಡಿಗಳ ಕಂಬಗಳಲ್ಲಿ ಹದಿನಾರನೇ ಶತಮಾನದ ಆರಂಭದ ಜೋಗಿ, ಸಿದ್ಧರ ಉಬ್ಬುಶಿಲ್ಪಗಳಿವೆ. ಬರೀ ಪದ್ಮಾಸನದಲ್ಲಿ ಕೂತವರಲ್ಲ ಅವರು. ಒಂಟಿಗಾಲಲ್ಲಿ ನಿಂತವರಿದ್ದಾರೆ, ಕಾಲು ತಲೆಯ ಹಿಂದೆ ಹಾಕಿಕೊಂಡವರಿದ್ದಾರೆ, ಕೈ ಮೇಲೆ ಮೈ ತೂಗಿದವರಿದ್ದಾರೆ. ಸೇಥ್ ಪೊವೆಲ್ ಎಂಬ ವಿದ್ವಾಂಸ 2018ರಲ್ಲಿ ಈ ಕಂಬಗಳನ್ನೇ ವಸ್ತುವಾಗಿಸಿ ಲೇಖನ ಬರೆದ. ಕೂತು ಮಾಡುವುದಕ್ಕಿಂತ ಆಚೆಗಿನ ಕಠಿಣ ಆಸನಗಳು ಗ್ರಂಥಗಳಲ್ಲಿ ವಿರಳವಾಗಿದ್ದ ಕಾಲಕ್ಕೇ ಇಲ್ಲಿ ಕಲ್ಲಿನಲ್ಲಿ ಮೂಡಿದ್ದವು ಎಂಬುದನ್ನು ಜಗತ್ತಿಗೆ ತೋರಿಸಿದ. ಹಂಪಿ ಈಗ ನಮ್ಮದೇ ವಿಜಯನಗರ ಜಿಲ್ಲೆಯಲ್ಲಿದೆ. ಶಾಲಾ ಪ್ರವಾಸಕ್ಕೆ ಹೋದಾಗಲೆಲ್ಲ ಮಕ್ಕಳನ್ನು ಕಲ್ಲಿನ ರಥದ ಮುಂದೆ ಫೋಟೊಕ್ಕೆ ನಿಲ್ಲಿಸುವ ಮೊದಲು ಈ ಕಂಬಗಳ ಹತ್ತಿರ ಕರೆದೊಯ್ಯುತ್ತಿದ್ದೆ. ಮಕ್ಕಳು ಕಲ್ಲನ್ನು ನೋಡಿ ಅಲ್ಲೇ ಆಸನ ಹಾಕಲು ಶುರು ಮಾಡುತ್ತಿದ್ದರು.

ಈ ಎರಡು ಹರಿವು ಕೂಡಿ ಇಂದಿನ ರೂಪ ಪಡೆದದ್ದು ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವ ಭಂಗಿಗಳು, ಗರಡಿಯ ದಂಡವನ್ನು ಹೋಲುವ ಭಂಗಿಗಳು ಅದರಲ್ಲಿ ಸೇರಿವೆ. ನಾರ್ಮನ್ ಸ್ಯೋಮನ್ 1996ರಲ್ಲಿ ಆ ಚಿತ್ರಗಳನ್ನು ಪ್ರಕಟಿಸಿದಾಗ ಯೋಗದ ಚರಿತ್ರೆ ಬರೆಯುವವರೆಲ್ಲ ಮೈಸೂರಿನ ಕಡೆ ತಿರುಗಿದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದು ತಿರುಮಲೈ ಕೃಷ್ಣಮಾಚಾರ್ಯರಿಗೆ ಒಪ್ಪಿಸಿದರು. ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ನಮ್ಮ ಕೂಡ್ಲಿಗಿಗೆ ಗಡಿ ಹಂಚಿಕೊಂಡ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಅವರ ಯೋಗಮಕರಂದ 1934ರ ಹೊತ್ತಿಗೆ ಕನ್ನಡದಲ್ಲೇ ಬಂತು. ಔಂಧ್ ಸಂಸ್ಥಾನದ ರಾಜ ಸೂರ್ಯನಮಸ್ಕಾರವನ್ನು ಶಾಲೆಗಳಲ್ಲಿ ಹಬ್ಬಿಸಿದ್ದೂ, ಲೋನಾವಳದಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಕೈವಲ್ಯಧಾಮ ಸ್ಥಾಪಿಸಿ ಆಸನಗಳನ್ನು ಪ್ರಯೋಗಾಲಯದಲ್ಲಿ ಅಳೆಯತೊಡಗಿದ್ದೂ ಇದೇ ಕಾಲದ ಸುತ್ತಮುತ್ತ. ಮೈಸೂರಿನ ಆ ಯೋಗಶಾಲೆಯಿಂದ ಹೊರಟ ಇಬ್ಬರು ಕನ್ನಡ ನಾಡಿನ ಹುಡುಗರು ಜಗತ್ತು ಸುತ್ತಿದರು. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು ಒಬ್ಬರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಹುಟ್ಟಿ, ಎಳವೆಯಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿದ ಬಿ.ಕೆ.ಎಸ್. ಅಯ್ಯಂಗಾರರು ಇನ್ನೊಬ್ಬರು.

ಆಗ ನಮ್ಮ ತಾಲ್ಲೂಕುಗಳು ಮೈಸೂರಿನಲ್ಲಿ ಇರಲಿಲ್ಲ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತದ ಮೂಲೆಗೆ ಬಿದ್ದಿತ್ತು; ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್ 1ರಂದು. ಹರಪನಹಳ್ಳಿಯಿಂದ ಒಂದು ದಿನದ ಬಂಡಿ ಪ್ರಯಾಣದಲ್ಲಿದ್ದ ದಾವಣಗೆರೆ ಮಹಾರಾಜರದು, ಹರಪನಹಳ್ಳಿ ಮದ್ರಾಸಿನವರದು. 1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆ ಪ್ರಾತ್ಯಕ್ಷಿಕೆ ಕೊಡುತ್ತ ಹೋದರು. ಧಾರವಾಡದಲ್ಲಿ ಹೆಂಗಸರು ತಮಗೂ ಕಲಿಸಬೇಕೆಂದು ಕೇಳಿದಾಗ, ಇನ್ನೂ ಹುಡುಗನೇ ಆಗಿದ್ದ ಅಯ್ಯಂಗಾರರನ್ನು ಆ ಕೆಲಸಕ್ಕೆ ನಿಲ್ಲಿಸಿದರು. ಹೆಸರಾಂತ ಆ ಗುರುವಿನ ಪಾಠದ ಜೀವನ ಶುರುವಾದದ್ದೇ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಂದ.

ನಮ್ಮ ಕಡೆಗೆ ಆಸನಗಳನ್ನು ಜನರ ಮಟ್ಟಕ್ಕೆ ತಂದ ಹೆಸರು ಯಾವುದೆಂದರೆ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು. ಹೊಳಲ್ಕೆರೆ ತಾಲ್ಲೂಕಿನ ಆ ಸಣ್ಣ ಊರಿನಲ್ಲಿ 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದರು. ತಿರುಕ ಎಂಬ ಹೆಸರಿನಲ್ಲಿ ಬರೆದರು. ಜೋಳಿಗೆ ಹಿಡಿದು ಬೇಡಿ ತಂದದ್ದರಲ್ಲಿ ಶಾಲೆ, ಆಯುರ್ವೇದ ಆಸ್ಪತ್ರೆ ನಡೆಸಿದರು. ಊರೂರಲ್ಲಿ ಯೋಗ ಶಿಬಿರ ಹೂಡಿದರು. 1996ರಲ್ಲಿ ನಮ್ಮನ್ನಗಲಿದರು. ನಮ್ಮ ತಾಲ್ಲೂಕುಗಳ ಎಷ್ಟೋ ಮೇಷ್ಟ್ರುಗಳು ಬೇಸಿಗೆ ರಜೆಯಲ್ಲಿ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಕಲಿತು ಬಂದವರು. ನಾನೂ ಅವರಲ್ಲಿ ಒಬ್ಬ. ಕೋಡಿಯಮಠದಲ್ಲಿದ್ದ ಅನ್ನ, ಔಷಧ, ಯೋಗ ಎಂಟು ನೂರು ವರ್ಷ ಕಳೆದ ಮೇಲೆ ಮಲ್ಲಾಡಿಹಳ್ಳಿಯಲ್ಲಿ ಮತ್ತೆ ಒಂದೇ ಸೂರಿನಡಿ ಬಂದದ್ದು ನನ್ನ ಮಟ್ಟಿಗೆ ಈ ಚರಿತ್ರೆಯ ಬಹು ದೊಡ್ಡ ಸಂಗತಿ.

ಈ ಆಸನಗಳಿಂದ ಲಾಭ ಏನು? ಜನ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಪರೀಕ್ಷೆ ಮಾಡಿ ನೋಡಿದ್ದನ್ನು ಮೊದಲು ಹೇಳುತ್ತೇನೆ. 1985ರಲ್ಲಿ ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು ಉಬ್ಬಸದ ರೋಗಿಗಳ ಮೇಲೆ ನಡೆಸಿದ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 53 ರೋಗಿಗಳು ಎರಡು ವಾರ ಯೋಗ ಕಲಿತು, ದಿನಾ 65 ನಿಮಿಷ ಮಾಡುತ್ತ ಹೋದರು. ವಯಸ್ಸು, ರೋಗದ ತೀವ್ರತೆ ಹೊಂದುವ ಇನ್ನೂ 53 ಜನ ಎಂದಿನ ಔಷಧದಲ್ಲೇ ಮುಂದುವರಿದರು. ಯೋಗ ಮಾಡಿದವರಿಗೆ ಉಬ್ಬಸ ಬರುವುದು ಕಡಿಮೆಯಾಯಿತು, ಔಷಧ ಕಡಿಮೆ ಸಾಕಾಯಿತು, ಉಸಿರು ಹೊರಹಾಕುವ ಬಲ ಹೆಚ್ಚಿತು. ಬೆನ್ನುನೋವಿನ ವಿಷಯದಲ್ಲಿ ಅಮೆರಿಕದ ವೈದ್ಯರ ಸಂಘ 2017ರಲ್ಲಿ ಕೊಟ್ಟ ಸಲಹೆ ಇನ್ನೂ ಸ್ಪಷ್ಟ: ಬಹುಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ ಮುಂತಾದವನ್ನು ಮಾಡಿಸಿ ನೋಡಿ ಎಂದು.

ಈ ಸಲಹೆ ನಮ್ಮ ಕೊಟ್ಟೂರಿನ ಎಪಿಎಂಸಿ ಹಮಾಲರಿಗೆ, ಮೆಕ್ಕೆಜೋಳದ ಹೊಲದಲ್ಲಿ ಬಾಗಿ ದುಡಿಯುವ ಹರಪನಹಳ್ಳಿಯ ಹೆಂಗಸರಿಗೆ, ಹಡಗಲಿಯಲ್ಲಿ ನಸುಕಿಗೇ ಎದ್ದು ಮಲ್ಲಿಗೆ ಮೊಗ್ಗು ಬಿಡಿಸುವವರಿಗೆ ತಲುಪಬೇಕು. “ದಿನಾ ದುಡಿತೀವಿ, ನಮಗ್ಯಾಕ್ರಿ ಯೋಗ ಮೇಷ್ಟ್ರೇ?” ಎಂದು ಒಬ್ಬ ಹಮಾಲ ತಮ್ಮ ನನ್ನನ್ನು ಕೇಳಿದ್ದ. ನ್ಯಾಯವಾದ ಪ್ರಶ್ನೆ. ದುಡಿಮೆ ಮೈಯನ್ನು ಒಂದೇ ಕಡೆಗೆ ಎಳೆಯುತ್ತದೆ. ಆಸನ ಎಲ್ಲ ಕಡೆಗೂ ಎಳೆದು ಸಮ ಮಾಡುತ್ತದೆ. ಚೀಲ ಹೊತ್ತು ಮುಂದಕ್ಕೆ ಬಾಗಿದ ಬೆನ್ನಿಗೆ ಭುಜಂಗಾಸನ, ಶಲಭಾಸನ ಹಿಂದಿನ ಸ್ನಾಯುಗಳಿಗೆ ಬಲ ಕೊಡುತ್ತವೆ. ಬಿಗಿದುಕೊಂಡ ತೊಡೆಯ ಹಿಂಭಾಗವನ್ನು ಪಶ್ಚಿಮೋತ್ತಾನಾಸನ ನಿಧಾನಕ್ಕೆ ಸಡಿಲಿಸುತ್ತದೆ. ವೃಕ್ಷಾಸನದಲ್ಲಿ ಒಂಟಿಗಾಲಲ್ಲಿ ನಿಲ್ಲುವುದು ವಯಸ್ಸಾದವರಿಗೆ ಬೀಳದಂತೆ ಸಮತೋಲ ಕಲಿಸುತ್ತದೆ. ಆ ಹುಡುಗ ದಿನದ ಕೆಲಸ ಮುಗಿದ ಮೇಲೆ ಗೋದಾಮಿನ ಕಟ್ಟೆಯ ಮೇಲೆ ಹತ್ತು ನಿಮಿಷ ಇವಿಷ್ಟನ್ನು ಮಾಡತೊಡಗಿದ. ರಾತ್ರಿ ಮಗ್ಗುಲು ಬದಲಿಸುವಾಗ ಬರುತ್ತಿದ್ದ ಚಳಕು ಇಳಿದಿದೆ ಎಂದು ಕೆಲ ತಿಂಗಳ ಮೇಲೆ ತಾನೇ ಬಂದು ಹೇಳಿದ.

ಮಿತಿಯನ್ನೂ ಹೇಳಬೇಕು. ಕೂಡ್ಲಿಗಿ ಕಡೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ವರ್ಷಗಟ್ಟಲೆ ಅದನ್ನು ಕುಡಿದವರ ಮೂಳೆ ಕೀಲು ಬಿಗಿದು ಕಲ್ಲಾಗುತ್ತವೆ. ಅಂಥವರಿಗೆ ಆಸನ ಮಾಡಿ ಎನ್ನುವುದಕ್ಕೆ ಮೊದಲು ಒಳ್ಳೆಯ ನೀರು ಕೊಡಬೇಕು. ರಕ್ತದೊತ್ತಡ, ಕಣ್ಣಿನೊತ್ತಡ ಇರುವವರು ಶೀರ್ಷಾಸನಕ್ಕೆ ಹೋಗಬಾರದು. ಗರ್ಭಿಣಿಯರು, ಬೆನ್ನುಹುರಿಯ ತೊಂದರೆ ಇರುವವರು ತಿಳಿದವರ ಎದುರಿಗೇ ಮಾಡಬೇಕು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಯನ್ನು ಆಸನದ ನಂಬಿಕೆಯಲ್ಲಿ ತಾವಾಗಿಯೇ ಬಿಡಬಾರದು.

ಮನಸ್ಸಿನ ವಿಷಯ ನನಗೆ ಇನ್ನೂ ಹತ್ತಿರದ್ದು. ನಮ್ಮದು ಬರ ಬೀಳುವ ಸೀಮೆ. ಮಳೆ ಕೈಕೊಟ್ಟರೆ ಜನ ಕಾಫಿ ಸೀಮೆಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ಅಂಥ ಮಕ್ಕಳು ತರಗತಿಯಲ್ಲಿ ಕೂತಿದ್ದರೂ ಮನಸ್ಸು ಬಸ್ ಸ್ಟ್ಯಾಂಡಿನಲ್ಲಿರುತ್ತದೆ. ಅವರಿಗೆ ನಾನು ಧೈರ್ಯದ ಭಾಷಣ ಮಾಡಲಿಲ್ಲ. ಮಾಡಿಸಿದ್ದು ಉಸಿರಿನ ಲೆಕ್ಕ. ತಾಡಾಸನದಲ್ಲಿ ನಿಂತು, ನಾಲ್ಕು ಎಣಿಸುತ್ತ ಉಸಿರು ತೆಗೆದು, ಆರು ಎಣಿಸುತ್ತ ಬಿಡುವುದು, ಆಮೇಲೆ ಶವಾಸನ. ಉಸಿರನ್ನು ಉದ್ದಕ್ಕೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಮೈಗೆ ಅಪಾಯವಿಲ್ಲ ಎಂಬ ಸುದ್ದಿ ನರಗಳ ಮೂಲಕ ಮಿದುಳಿಗೆ ತಲುಪುತ್ತದೆ. ಖಿನ್ನತೆ, ಆತಂಕಗಳಲ್ಲಿ ಔಷಧದ ಜೊತೆಗೆ ಯೋಗ ಹೇಗೆ ನೆರವಾಗುತ್ತದೆ ಎಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ವರ್ಷಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ನಾನು ಕಂಡದ್ದು ಇಷ್ಟು: ಶವಾಸನದಿಂದ ಎದ್ದ ಮಕ್ಕಳು ಜಗಳ ಕಡಿಮೆ ಮಾಡುತ್ತಿದ್ದರು, ಮಧ್ಯಾಹ್ನದ ಗಣಿತದ ಪಾಠಕ್ಕೆ ಕಣ್ಣು ಬಿಟ್ಟು ಕೂರುತ್ತಿದ್ದರು. ನಮ್ಮಜ್ಜಿ ಗದ್ದುಗೆಯಿಂದ ಎದ್ದು ಒಲೆಯ ಕಡೆ ನಡೆಯುವಾಗ ಮುಖದಲ್ಲಿ ಕಾಣುತ್ತಿದ್ದ ನಿರಾಳವನ್ನು ಆ ಮಕ್ಕಳಲ್ಲಿ ನೋಡಿದ್ದೇನೆ.

2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ 177 ದೇಶಗಳ ಬೆಂಬಲದೊಂದಿಗೆ ಜೂನ್ 21ನ್ನು ಯೋಗ ದಿನವೆಂದು ಒಪ್ಪಿತು. ಸಂತೋಷವೇ. ಆದರೆ ವರ್ಷದ ಉಳಿದ ದಿನ ನಮ್ಮ ಗರಡಿಗಳಿಗೆ ಬೀಗ ಬಿದ್ದಿರುತ್ತದೆ. ಕೆಲವು ಕುಸಿದಿವೆ, ಕೆಲವು ಸಾಮಾನು ತುಂಬುವ ಕೋಣೆಗಳಾಗಿವೆ. ಹುಡುಗರು ಪೇಟೆಯ ಜಿಮ್ಮಿಗೆ ದುಡ್ಡು ಕಟ್ಟಿ ಹೋಗುತ್ತಾರೆ. ಹುಡುಗಿಯರಿಗೆ ಅದೂ ಇಲ್ಲ. ಹಳೆಯ ಗರಡಿ ಹೆಣ್ಣುಮಕ್ಕಳನ್ನು ಹೊಸ್ತಿಲೊಳಗೆ ಬಿಟ್ಟುಕೊಂಡಿರಲಿಲ್ಲ ಎಂಬುದು ಅದರ ದೊಡ್ಡ ಕೊರತೆ. ಶಿವಯೋಗದ ಗದ್ದುಗೆ ಎಂದೋ ತೆಗೆದುಹಾಕಿದ ಆ ಭೇದವನ್ನು ಗರಡಿಯೂ ಈಗ ತೆಗೆದುಹಾಕಬೇಕು.

ಗ್ರಾಮ ಪಂಚಾಯಿತಿಗಳ ಮುಂದೆ ನಾನು ಇಡುತ್ತಿರುವ ಬೇಡಿಕೆ ಇಷ್ಟೇ. ಹೊಸ ಕಟ್ಟಡ ಬೇಡ. ಇರುವ ಗರಡಿಯ ಚಾವಣಿ ಸರಿ ಮಾಡಿಸಿ, ಒಂದು ಕಿಟಕಿ ಇಡಿಸಿ, ಬಾಗಿಲನ್ನು ಆಳೆತ್ತರಕ್ಕೆ ಏರಿಸಿ. ಬೆಳಗ್ಗೆ ಹುಡುಗರಿಗೆ ಸಾಮು, ಸಂಜೆ ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳಿಗೆ ಆಸನ, ರಾತ್ರಿ ಕೆಲಸದಿಂದ ಬಂದ ಹಮಾಲರಿಗೆ, ರೈತರಿಗೆ ಅರ್ಧ ತಾಸು. ಊರಿನಲ್ಲಿ ಇನ್ನೂ ಉಳಿದಿರುವ ಮುದಿ ಉಸ್ತಾದರನ್ನೂ, ಮಠದಲ್ಲಿ ಧ್ಯಾನ ಬಲ್ಲ ಅಯ್ಯನವರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿ ಕಲಿಸಲು ಕೇಳಿ. ಇಬ್ಬರ ವಿದ್ಯೆ ಕೂಡಿಯೇ ಆಸನ ಇವತ್ತಿನ ರೂಪಕ್ಕೆ ಬಂದಿದೆ. ಅವರ ಕಾಲ ಮುಗಿಯುವ ಮೊದಲು ಕಲಿಯುವವರು ಮುಂದೆ ಬಂದರೆ, ಹೇಳಿಕೊಡಲು ನಾನೂ ಬರುತ್ತೇನೆ.